ಮನೆಯಲ್ಲೇ ಕಟ್ಟಿದ ತಗಡಿನ ಬೆಂಡರ್: ತುದಿಯಲ್ಲಿ 90 ಡಿಗ್ರಿ ಬರುತ್ತದೆ, ನಡುವೆ ಮಡಿಕೆ ಕೂರುವುದಿಲ್ಲ

ಗೇಜ್18

ಎಲ್ಲರಿಗೂ ನಮಸ್ಕಾರ. ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಡಬ್ಬಿ, ಟ್ರೇ, ಮೋಟಾರಿನ ಮೇಲೆ ಮುಚ್ಚುವ ಕವಚ ಇಂಥವಕ್ಕಾಗಿ ಷೆಡ್ಡಿನಲ್ಲೇ ತಗಡು ಮಡಿಸುವ ಒಂದು ಬೆಂಡರ್ ಕಟ್ಟಿದ್ದೇನೆ. ಬಳಸುವುದು 18 ಗೇಜ್, ಅಂದರೆ 1.2 ಎಂಎಂ ಸಿಆರ್ (ಕೋಲ್ಡ್ ರೋಲ್ಡ್) ಷೀಟು. ಬೇಕಾದ ಅಗಲ 900 ಎಂಎಂ.

ಈಗ ಇರುವುದು ಹೀಗೆ: 50×50×6 ಆ್ಯಂಗಲ್ (ಎಲ್ ಆಕಾರದ ಕಬ್ಬಿಣ) ಮೂರು ತುಂಡು. ಒಂದು ಟೇಬಲ್ಲಿಗೆ ಕೂರಿಸಿದ ಬೆಡ್, ಒಂದು ಕೈಹಿಡಿಯಿಂದ ಎತ್ತುವ ರೆಕ್ಕೆ, ಒಂದು ಮೇಲಿನ ಒತ್ತುಪಟ್ಟಿ. ಬೆಡ್ ಮತ್ತು ರೆಕ್ಕೆಯನ್ನು ಬಾಗಿಲಿನ ಎರಡು ಹಿಂಜ್ ಹಾಕಿ ಸೇರಿಸಿದೆ. ಹಿಂಜಿನ ಪಿನ್ ಆ್ಯಂಗಲಿನ ಮೇಲ್ಮೈಗಿಂತ 4 ಎಂಎಂ ಕೆಳಗಿದೆ. ಎತ್ತುವಾಗ ಒಂದಕ್ಕೊಂದು ತಾಗುತ್ತದೆಂದು ನಡುವೆ 8 ಎಂಎಂ ಸಂದು ಬಿಟ್ಟಿದೆ. ಒತ್ತುಪಟ್ಟಿಗೆ ತುದಿಗೊಂದು ಎಂ12 ಬೋಲ್ಟು.

ತೊಂದರೆಗಳು:

300 ಎಂಎಂ ತುಂಡು ಪರವಾಗಿಲ್ಲ. 850 ಎಂಎಂ ತುಂಡಿನಲ್ಲಿ ತುದಿಗಳು 90 ಡಿಗ್ರಿ ಬಂದರೂ ನಡುವೆ 100ರ ಹತ್ತಿರ ತೆರೆದೇ ಇರುತ್ತದೆ. ಮಡಿಸುವಾಗ ಷೀಟು 1–2 ಎಂಎಂ ಮುಂದಕ್ಕೆ ಜಾರುತ್ತದೆ. ಮಡಿಕೆ ಚೂಪಾಗಿ ಬರದೆ ಉರುಟಾಗಿ ಬರುತ್ತದೆ, ಹೊರಮೈ ತುಂಬ ಗೀರು. ಒತ್ತುಪಟ್ಟಿಯ ನಿಂತ ಕಾಲು ಮುಂದಕ್ಕಿರುವುದರಿಂದ 90ರಲ್ಲಿ ರೆಕ್ಕೆ ತಡೆದು ನಿಲ್ಲುತ್ತದೆ. ಬಿಟ್ಟ ಮೇಲೆ ಷೀಟು 92–93ಕ್ಕೆ ತೆರೆದುಕೊಳ್ಳುತ್ತದೆ.

ಕೈಯಲ್ಲಿರುವ ಸಾಮಾನು: 200 ಆಂಪ್ ಇನ್ವರ್ಟರ್ ವೆಲ್ಡಿಂಗ್, 4 ಇಂಚು ಗ್ರೈಂಡರ್, 13 ಎಂಎಂ ಡ್ರಿಲ್, ವೈಸ್. ಲೇತ್ ಇಲ್ಲ. ಇದನ್ನೇ ಸರಿಮಾಡಬಹುದೋ, ಹೊಸದಾಗಿ ಕಟ್ಟಬೇಕೋ? ಹೊಸದಾದರೆ ಯಾವ ಸೈಜಿನ ಆ್ಯಂಗಲ್?

ಅರಮಟ್ಟ

ಹೊಸದಾಗಿ ಕಟ್ಟಿ ಸರ್. ಕಾರಣ ಲೆಕ್ಕದಲ್ಲೇ ಇದೆ, ಒಮ್ಮೆ ನೋಡಿಬಿಡಿ.

ಒಂದು ಎಂಎಂ ಅಗಲದ ಷೀಟನ್ನು ಮಡಿಸಲು ಬೇಕಾದ ತಿರುಚುಬಲ ಎಂದರೆ ಲೋಹದ ಬಲ ಗುಣಿಸು ದಪ್ಪದ ವರ್ಗ, ಭಾಗಿಸು 4. ಸಾಧಾರಣ ಸಿಆರ್ ಷೀಟಿಗೆ 300 ನ್ಯೂಟನ್ ಪ್ರತಿ ಚದರ ಎಂಎಂ ಎಂದು ಹಿಡಿದರೆ 300×1.44÷4, ಅಂದರೆ 108. ಇದು 900 ಎಂಎಂ ಅಗಲಕ್ಕೆ ಸುಮಾರು 97 ನ್ಯೂಟನ್ ಮೀಟರ್ ಆಗುತ್ತದೆ. 600 ಎಂಎಂ ಉದ್ದದ ಕೈಹಿಡಿಯಲ್ಲಿ ನೀವು ಹಾಕಬೇಕಾದ್ದು ಬರೀ 16–17 ಕೆಜಿ ಬಲ. ಕೈಗೆ ಹಗುರ ಅನ್ನಿಸುವುದರಿಂದಲೇ ಎಲ್ಲರೂ ಸಣ್ಣ ಆ್ಯಂಗಲ್ ಸಾಕು ಅಂದುಕೊಳ್ಳುತ್ತಾರೆ.

ಆದರೆ ರೆಕ್ಕೆ ಷೀಟನ್ನು ಒತ್ತುವುದು 600 ಎಂಎಂ ದೂರದಲ್ಲಲ್ಲ, ಮಡಿಕೆಯ ಗೆರೆಯ ಪಕ್ಕದಲ್ಲೇ. ಅದು 10 ಎಂಎಂ ದೂರ ಎಂದು ಹಿಡಿಯಿರಿ. ಆಗ ಪ್ರತಿ ಎಂಎಂಗೆ 10.8 ನ್ಯೂಟನ್, 900 ಎಂಎಂಗೆ ಹತ್ತಿರಹತ್ತಿರ ಒಂದು ಟನ್. ಈ ಒಂದು ಟನ್ ರೆಕ್ಕೆಯನ್ನು ಕೆಳಕ್ಕೂ ಒತ್ತುಪಟ್ಟಿಯನ್ನು ಮೇಲಕ್ಕೂ ಬಿಲ್ಲಿನಂತೆ ಬಗ್ಗಿಸುತ್ತದೆ. ಎರಡೂ ತುದಿಯಲ್ಲಷ್ಟೇ ಆಧಾರ ಇರುವ 900 ಎಂಎಂ ಉದ್ದಕ್ಕೆ ನಡುವಿನ ಬಾಗು ಅಂದಾಜು ಹೀಗಿರುತ್ತದೆ:

50×50×6 ಆ್ಯಂಗಲ್: 3.6 ಎಂಎಂ
65×65×6: 1.6 ಎಂಎಂ
75×75×10: 0.65 ಎಂಎಂ
75×75×10ರ ನಿಂತ ಕಾಲಿನ ಅಂಚಿಗೆ 50×10 ಪಟ್ಟಿ ನಿಲ್ಲಿಸಿ ವೆಲ್ಡ್ ಮಾಡಿದರೆ: 0.15 ಎಂಎಂ

ಷೀಟಿನ ದಪ್ಪವೇ 1.2 ಎಂಎಂ ಇರುವಾಗ ನಡುವೆ 3.6 ಎಂಎಂ ಜಗ್ಗಿದರೆ ಅಲ್ಲಿ ಮಡಿಕೆ ಪೂರ್ತಿಯಾಗುವುದು ಹೇಗೆ? ಷೀಟು ಜಾರುವುದೂ ಇದರಿಂದಲೇ. ಎಂ12 ಬೋಲ್ಟಿಗೆ ಶಕ್ತಿ ಸಾಲುತ್ತಿಲ್ಲ ಎಂದಲ್ಲ, ಪಟ್ಟಿ ನಡುವೆ ಎದ್ದು ಹಿಡಿತ ಬಿಡುತ್ತಿದೆ. ಎಂ20 ಬೋಲ್ಟ್ ಹಾಕಿದರೂ ಇದೇ ಕಥೆ.

ಕೊನೆಯ ಸಾಲನ್ನು ಗಮನಿಸಿ. ಮೀಟರಿಗೆ 4 ಕೆಜಿ ತೂಗುವ ಒಂದು ಪಟ್ಟಿಯಿಂದ ಗಡುಸುತನ ನಾಲ್ಕು ಪಟ್ಟನ್ನೂ ಮೀರುತ್ತದೆ, ಯಾಕೆಂದರೆ ಎತ್ತರ 75ರಿಂದ 125ಕ್ಕೆ ಏರುತ್ತದೆ. ಕಬ್ಬಿಣ ಎಷ್ಟು ಹಾಕಿದಿರಿ ಎನ್ನುವುದಕ್ಕಿಂತ ಅದನ್ನು ಬಾಗುವ ದಿಕ್ಕಿಗೆ ನಿಲ್ಲಿಸಿ ಹಾಕಿದಿರೋ ಎನ್ನುವುದು ಮುಖ್ಯ.

ಹಳೆಯದನ್ನು ಗುಜರಿಗೆ ಹಾಕಬೇಡಿ. ಬಾಗು ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಅದೇ 50ರ ಆ್ಯಂಗಲನ್ನು 450 ಎಂಎಂಗೆ ಕತ್ತರಿಸಿದರೆ 3.6 ಎಂಎಂ ಬಾಗು 0.22ಕ್ಕೆ ಇಳಿಯುತ್ತದೆ. ಹಿಂಜ್ ಸರಿಮಾಡಿದರೆ ಸಣ್ಣ ಕೆಲಸಕ್ಕೆ ಒಳ್ಳೆಯ ಬೆಂಡರ್ ಆಗುತ್ತದೆ.

ವೈಸ್_ಹಿಡಿ

ಗಡುಸುತನದ ಮಾತು ಒಪ್ಪಿದೆ. ಉರುಟು ಮಡಿಕೆ ಮತ್ತು ಗೀರುಗಳಿಗೆ ಕಾರಣ ಮಾತ್ರ ಕೀಲಿನ ಜಾಗ. ಆ್ಯಂಗಲ್ ಎಷ್ಟೇ ದಪ್ಪ ಹಾಕಿದರೂ ಅದು ಹೋಗುವುದಿಲ್ಲ.

ಪಿನ್ನಿನ ನಡುಗೆರೆ ಬೆಡ್ಡಿನ ಮೇಲ್ಮೈ ಮಟ್ಟದಲ್ಲೇ, ಬೆಡ್ ಮತ್ತು ರೆಕ್ಕೆಯ ಮೂಲೆಗಳು ಸೇರುವ ಗೆರೆಯಲ್ಲೇ ಇರಬೇಕು. ನಿಮ್ಮದು 4 ಎಂಎಂ ಕೆಳಗಿದೆ. ಹಾಗಾಗಿ ರೆಕ್ಕೆ 90 ಡಿಗ್ರಿಗೆ ಬಂದಾಗ ಅದರ ಮುಖ 4 ಎಂಎಂ ಒಳಕ್ಕೆ, ಒತ್ತುಪಟ್ಟಿಯ ಕಡೆಗೆ ನುಗ್ಗುತ್ತದೆ. ತಾಗದಿರಲಿ ಎಂದು ಒತ್ತುಪಟ್ಟಿಯನ್ನು ಹಿಂದಕ್ಕೆ ಸರಿಸುತ್ತೀರಿ, ನಡುವೆ 8 ಎಂಎಂ ಸಂದು ಬೇರೆ. ಆ ಜಾಗದಲ್ಲಿ ಷೀಟಿಗೆ ಮೇಲೂ ಕೆಳಗೂ ಆಧಾರವಿಲ್ಲ, ಅಲ್ಲೇ ಉರುಟಾಗುತ್ತದೆ. ಎತ್ತುವಾಗ ರೆಕ್ಕೆಯ ಅಂಚು ಷೀಟಿನ ಮೇಲೆ ಜಾರುತ್ತಾ ಹೋಗುತ್ತದಲ್ಲ, ಆ ಗೀರು ಅದರದ್ದು. ಕೀಲು ಸರಿಯಾಗಿದ್ದರೆ ರೆಕ್ಕೆ ಷೀಟಿನ ಜೊತೆಯಲ್ಲೇ ಏಳುತ್ತದೆ, ಅದರ ಮೇಲೆ ಜಾರಾಡುವುದಿಲ್ಲ.

ಲೇತ್ ಇಲ್ಲದೆ ಮಾಡುವ ಕ್ರಮ ಹೀಗೆ.

75×75×10 ಆ್ಯಂಗಲ್ 1000 ಎಂಎಂನ ಮೂರು ತುಂಡು ತನ್ನಿ. ಮೀಟರಿಗೆ 11 ಕೆಜಿ ಲೆಕ್ಕದಲ್ಲಿ 33 ಕೆಜಿ ಆಗುತ್ತದೆ. ಅಂಗಡಿಯಲ್ಲೇ ದಾರ ಎಳೆದು ನೋಡಿ. ಒಂದು ಎಂಎಂಗಿಂತ ಹೆಚ್ಚು ಬಾಗಿದ್ದರೆ, ಅಥವಾ ಒಂದು ತುದಿಯಿಂದ ಕಣ್ಣಿಟ್ಟು ನೋಡಿದಾಗ ತಿರುಚಿದಂತೆ ಕಂಡರೆ ಬೇಡ. ಬಾಗನ್ನು ಹೇಗಾದರೂ ತೆಗೆಯಬಹುದು, ತಿರುಚನ್ನು ಮನೆಯಲ್ಲಿ ತೆಗೆಯುವುದು ಕಷ್ಟ.

ಕೀಲಿಗೆ 16 ಎಂಎಂ ಹೊರವ್ಯಾಸದ ಬುಲೆಟ್ ಹಿಂಜ್ (ಕೊಳವೆಯೊಳಗೆ ಪಿನ್ ಕೂರುವ, ವೆಲ್ಡ್ ಮಾಡುವ ಹಿಂಜ್) ಎರಡು, ಆಟ ಇಲ್ಲದಿರುವುದನ್ನು ಕೈಯಲ್ಲಿ ಅಲುಗಾಡಿಸಿ ಆರಿಸಿ. ಬೆಡ್ ಮತ್ತು ರೆಕ್ಕೆ ಎರಡಕ್ಕೂ ತುದಿಗಳಲ್ಲಿ ಹಿಂಜ್ ಕೂರುವಷ್ಟು ಉದ್ದಕ್ಕೆ, 40 ಎಂಎಂ ಆಸುಪಾಸು, ಮೂಲೆಯನ್ನು ಕಚ್ಚು ಹಾಕಿ ತೆಗೆಯಿರಿ. ಕೊಳವೆ ಅರ್ಧ ಮೇಲೆ ಅರ್ಧ ಕೆಳಗೆ ಬರುವಂತೆ ಅಲ್ಲಿ ಕೂರಬೇಕು.

ಕೂರಿಸಲು ಸಪಾಟಾದ ಕಲ್ಲು ಬೇಕು. ಅಡುಗೆಮನೆ ಕಟ್ಟೆಗೆ ಹಾಕುವ ಗ್ರಾನೈಟಿನ ಉಳಿಕೆ ತುಂಡು ಇದಕ್ಕೆ ತಕ್ಕುದು. ಕಲ್ಲು ಆ್ಯಂಗಲಿಗಿಂತ ಗಿಡ್ಡ ಇರಲಿ, ಎರಡೂ ತುದಿ ಹೊರಗೆ ಚಾಚಿಕೊಂಡಿರಬೇಕು. ಬೆಡ್ ಮತ್ತು ರೆಕ್ಕೆಯ ಮೇಲ್ಮುಖಗಳನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಮೂಲೆಗೆ ಮೂಲೆ ತಾಗಿಸಿ, ನಡುವೆ 0.3 ಎಂಎಂ ರಟ್ಟು ಇಟ್ಟು ಸಿ-ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಕಚ್ಚಿನಲ್ಲಿ ಹಿಂಜ್ ಇಟ್ಟಾಗ ಕೊಳವೆ ಆ್ಯಂಗಲಿನ ಮುಖದಿಂದ ಸರಿಯಾಗಿ 8 ಎಂಎಂ ಹೊರಗೆ ನಿಂತಿರಬೇಕು. 8 ಎಂಎಂ ಡ್ರಿಲ್ ಬಿಟ್ಟಿನ ಕಾಂಡವನ್ನು ಪಕ್ಕದ ಮುಖಕ್ಕೆ ಒತ್ತಿಟ್ಟು, ಅದರ ಮೇಲಿಂದ ಕೊಳವೆಗೆ ಉಕ್ಕಿನ ಸ್ಕೇಲ್ ಹಿಡಿದು ನೋಡಿ. ಸ್ಕೇಲ್ ಎರಡನ್ನೂ ಮುಟ್ಟಿ ಸಮವಾಗಿ ನಿಂತರೆ ಜಾಗ ಸರಿಯಾಗಿದೆ.

ಒಂದು ಹಿಂಜಿನ ಪಿನ್ ಎಡಕ್ಕೆ, ಇನ್ನೊಂದರದ್ದು ಬಲಕ್ಕೆ ಇರಲಿ. ಎರಡೂ ಒಂದೇ ಕಡೆಗಿದ್ದರೆ ಮಡಿಸುವಾಗ ರೆಕ್ಕೆ ಪಕ್ಕಕ್ಕೆ ಸರಿದು ಕಳಚಿಕೊಳ್ಳುತ್ತದೆ. ಎರಡೂ ಕಡೆ ಎರಡೆರಡು ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಮಾತ್ರ ಹಾಕಿ, ಕ್ಲ್ಯಾಂಪ್ ಬಿಚ್ಚಿ, ರೆಕ್ಕೆಯನ್ನು ಪೂರ್ತಿ ಎತ್ತಿ ಇಳಿಸಿ ನೋಡಿ. ಎಲ್ಲಾದರೂ ಬಿಗಿದರೆ ಟ್ಯಾಕ್ ಕತ್ತರಿಸಿ ಮತ್ತೆ ಕೂರಿಸಿ. ಪೂರ್ತಿ ವೆಲ್ಡ್ ಆದ ಮೇಲೆ ಏನೂ ಮಾಡಲಾಗದು. ಕೊಳವೆಗೆ ಹೆಚ್ಚು ಕಾವು ಕೊಟ್ಟರೆ ಒಳಗೆ ಪಿನ್ ಕಚ್ಚಿಕೊಳ್ಳುತ್ತದೆ. 2.5 ಎಂಎಂ ರಾಡಿನಲ್ಲಿ ಚಿಕ್ಕಚಿಕ್ಕದಾಗಿ, ಆರಲು ಬಿಟ್ಟು ಹಾಕಿ.

ಒತ್ತುಪಟ್ಟಿಯ ನಿಂತ ಕಾಲು ಹಿಂದಕ್ಕೆ ಬರಲಿ, ಮಲಗಿದ ಕಾಲಿನ ತುದಿಯೇ ಮೂತಿ. ರೋಲಿಂಗ್ ಆ್ಯಂಗಲಿನ ಕಾಲಿನ ತುದಿ ಒಳಮೈಯಲ್ಲಿ ಉರುಟಾಗಿಯೂ ಹೊರಮೈಯಲ್ಲಿ ಚೂಪಾಗಿಯೂ ಇರುತ್ತದೆ. ಹೀಗೆ ಇಟ್ಟರೆ ಚೂಪು ಅಂಚು ತಾನಾಗಿಯೇ ಕೆಳಗೆ ಬರುತ್ತದೆ. ಮೇಲಿನ ಭಾಗವನ್ನು 45 ಡಿಗ್ರಿಗೆ ಗ್ರೈಂಡ್ ಮಾಡಿ, ಕೆಳ ಅಂಚಿಗೆ ಅರ ಎಳೆದು ಸುಮಾರು 1 ಎಂಎಂ ಉರುಟು (ರೇಡಿಯಸ್) ಕೊಡಿ. ಬ್ಲೇಡಿನಷ್ಟು ಚೂಪು ಬಿಟ್ಟರೆ ಷೀಟಿನ ಒಳಮೈಯಲ್ಲಿ ಗೆರೆ ಕೊರೆಯುತ್ತದೆ, ಕೆಲವೇ ದಿನದಲ್ಲಿ ಅಂಚೂ ಜಜ್ಜಿಹೋಗುತ್ತದೆ. ಈಗ ರೆಕ್ಕೆ 90 ದಾಟಿ 130ರವರೆಗೂ ಏಳಬಲ್ಲುದು. ಸಿಆರ್ ಷೀಟನ್ನು 2–3 ಡಿಗ್ರಿ ಹೆಚ್ಚು ಮಡಿಸಿ ಬಿಟ್ಟರೆ ಸರಿಯಾಗಿ 90ಕ್ಕೆ ನಿಲ್ಲುತ್ತದೆ.

ಹಿಂಜ್ ಕೊಳವೆ ಮೇಲೆ ಬರುವ ಕಡೆ ಒತ್ತುಪಟ್ಟಿಯ ಮೂತಿಯನ್ನೂ 12 ಎಂಎಂ ಕಚ್ಚಿ. ಎಂ12 ಬೋಲ್ಟೇ ಸಾಕು, 8.8 ಗ್ರೇಡಿನದು ತನ್ನಿ. ಎರಡು ಬೋಲ್ಟುಗಳ ನಡುವೆ 950 ಎಂಎಂ ಅಂತರ ಬಿಟ್ಟರೆ 900ರ ಷೀಟು ಆರಾಮಾಗಿ ಒಳಹೋಗುತ್ತದೆ. ಪಟ್ಟಿಯಲ್ಲಿ ಬೋಲ್ಟಿನ ತೂತು ಉದ್ದವಾಗಿರಬೇಕು: 13 ಎಂಎಂ ತೂತು ಮೂರನ್ನು ಸಾಲಾಗಿ ಕೊರೆದು ಅರದಿಂದ ಒಂದುಮಾಡಿ. ಷೀಟಿನ ದಪ್ಪಕ್ಕೆ ತಕ್ಕಂತೆ ಮೂತಿಯನ್ನು ಹಿಂದೆಮುಂದೆ ಸರಿಸಲು ಅದು ಬೇಕು. ಮೂತಿ ಕೀಲಿನ ಗೆರೆಯಿಂದ ಷೀಟಿನ ಒಂದು ದಪ್ಪದಷ್ಟು ಹಿಂದಿರಲಿ. 1.2ರ ಷೀಟಿಗೆ 1.2. ನಿಮ್ಮ ಬೆಂಡರಿಗೆ ಎಟುಕುವ ಅತಿ ದಪ್ಪದ ಷೀಟಿಗೆ ಒಂದೂವರೆಯಿಂದ ಎರಡು ದಪ್ಪ ಬಿಡಿ. ಪಟ್ಟಿಯ ಕೆಳಗೆ ಬೋಲ್ಟಿಗೊಂದು ಸ್ಪ್ರಿಂಗ್ ಹಾಕಿದರೆ ನಟ್ ಸಡಿಲಿಸಿದಾಗ ತಾನೇ ಮೇಲೇಳುತ್ತದೆ, ಒಂದು ಕೈ ಉಳಿಯುತ್ತದೆ.

ಹುಬ್ಬಳ್ಳಿ_ಫಿಟ್ಟರ್

ಅರಮಟ್ಟ ಅವರು ಹೇಳಿದ ಲೆಕ್ಕ ಖರೇ ಐತಿ. ಆದ್ರ ಆ 50×10 ಪಟ್ಟಿ ವೆಲ್ಡ್ ಮಾಡೂಮುಂದ ಭಾಳ ಮಂದಿ ಎಡವತಾರ. ಒಂದ ತುದಿಗೆ ಶುರು ಮಾಡಿ ಇನ್ನೊಂದ ತುದಿ ಮಟ ಒಂದ ಸವನ ಎಳದ್ರ ಆ್ಯಂಗಲ್ ಬಿಲ್ಲಿನಂಗ ಬಾಗತೈತಿ. 25 ಎಂಎಂ ವೆಲ್ಡ್, 100 ಎಂಎಂ ಬಿಡೂದು, ಮತ್ತ 25. ನಡಬರಕ ಒಂದ, ಎಡಕ್ಕ ಒಂದ, ಬಲಕ್ಕ ಒಂದ, ಹಿಂಗ ಜಿಗಕೋತ ಹೋಗ್ರಿ. ಪಟ್ಟಿಯ ಎರಡೂ ಮಗ್ಗಲಕ್ಕ ಸಮ ಹಾಕ್ರಿ. 3.15 ರಾಡ್, 100 ಆಂಪಿನ ಆಸುಪಾಸು ಸಾಕು.

ಇಷ್ಟು ಮಾಡಿದ್ರೂ ಸ್ವಲ್ಪ ಎಳದ ಎಳೀತೈತಿ. ಆದ್ರ ಇಲ್ಲಿ ಆ ಎಳತ ನಮ್ಮ ಕಡೆನ ಐತಿ. ಒತ್ತುಪಟ್ಟಿ ಮ್ಯಾಲಿನ ಅಂಚಿಗೆ ವೆಲ್ಡ್ ಬಿದ್ದಾಗ ಮ್ಯಾಲಿನ ಕಡೆ ಕುಗ್ಗತೈತಿ, ತುದಿ ಎರಡೂ ಮ್ಯಾಲೆ ಏಳತಾವು, ನಡುವಿನ ಭಾಗ ಕೆಳಗ ಬರತೈತಿ. ಬೋಲ್ಟ್ ಬಿಗಿಯೂಮುಂದ ನಡುವ ಮೊದಲ ಷೀಟಿಗೆ ಹತ್ತತೈತಿ, ಆಮ್ಯಾಲೆ ತುದಿ. ನಮಗ ಬೇಕಾಗಿದ್ದೂ ಅದ. ರೆಕ್ಕಿಗೆ ಕೆಳಗಿನ ಅಂಚಿಗೆ ಪಟ್ಟಿ ಹಚ್ಚಿದ್ರ ಅದರ ನಡು ಮ್ಯಾಲೆ ಏಳತೈತಿ, ಅದೂ ಛಲೋನ. ಆದ್ರ ಅರ್ಧ ಎಂಎಂ ದಾಟಬಾರದು. ದಾಟಿದ್ರ ನಡುವ ಹೆಚ್ಚು ಮಡಚಿ ತುದಿ ಉಳೀತಾವು. ಅರ್ಧ ಮುಗಿದ ಮ್ಯಾಲೆ ಪೂರ್ತಿ ಆರಾಕ ಬಿಟ್ಟು, ದಾರಾ ಹಿಡದು ನೋಡಿ ಮುಂದ ಹೋಗ್ರಿ.

ಹಿಡಿತ ಪರೀಕ್ಷೆ ಮಾಡಾಕ ಪೇಪರ್ ಸಾಕು. ನ್ಯೂಸ್ ಪೇಪರಿನ ಎರಡು ಬೆರಳ ಅಗಲದ ಐದು ಚೂರು ಹರಕೊಂಡು, ಒತ್ತುಪಟ್ಟಿ ಮೂತಿ ಕೆಳಗ ಎರಡೂ ತುದಿಗೆ, ನಡುವ, ಕಾಲು ಭಾಗದಾಗ ಎರಡು ಇಟ್ಟು ಬೋಲ್ಟ್ ಬಿಗೀರಿ. ಒಂದೊಂದ ಎಳದು ನೋಡ್ರಿ. ಐದೂ ಹರೀಬೇಕು. ನಡುವಿಂದು ಹಂಗ ಸರ್‍ರನ ಜಾರಿ ಬಂತಂದ್ರ ಅಲ್ಲೆ ಷೀಟೂ ಜಾರತೈತಿ. ಆಗ ಪಟ್ಟಿ ಕೆಳಗ ನಡಬರಕ 300 ಎಂಎಂ ಉದ್ದ 0.2 ಎಂಎಂ ತಗಡ ಅಂಟಿಸಿ ಮತ್ತ ನೋಡ್ರಿ. ಬೆಡ್ಡೂ ಜಗ್ಗಬಾರದು, ಅದಕ್ಕ ಕೆಳಗ 100 ಎಂಎಂ ಚಾನಲ್ (ಸಿ ಆಕಾರದ ಕಬ್ಬಿಣ) ಕೊಟ್ಟು ಬೋಲ್ಟ್ ಹಾಕ್ರಿ.

ಕೈಹಿಡಿ ಎರಡು ಹಾಕಿ ನಡುವ ಅಡ್ಡ ಪೈಪ್ ಕೂಡಸ್ರಿ. ಒಂದ ಕಡೆ ಹಿಡಿ ಇದ್ರ ರೆಕ್ಕಿ ತಿರುಚಿ, ಆ ಕಡೆ ತುದಿ 3–4 ಡಿಗ್ರಿ ಹಿಂದ ಉಳೀತೈತಿ. 32×32×2 ಚೌಕ ಪೈಪ್ ಸಾಕು. ಟೇಬಲ್ ನೆಲಕ್ಕ ಬೋಲ್ಟ್ ಇರಲಿ, ಹಿಡಿ ಎತ್ತೂಮುಂದ ಹಗುರ ಟೇಬಲ್ ಹಿಂದಕ್ಕ ವಾಲತೈತಿ. ರೆಕ್ಕಿ, ಪಟ್ಟಿ, ಹಿಡಿ ಎಲ್ಲಾ ಸೇರಿ 15 ಕೆಜಿ ಮ್ಯಾಲೆ ಆಗತೈತಿ. ಎತ್ತಿದ ರೆಕ್ಕಿ ಕೈಬಿಟ್ರ ಬೆರಳು ಹೋಗತಾವ್ರಿ. ಎತ್ತಿದಲ್ಲೆ ನಿಲ್ಲಾಕ ಒಂದು ಕೊಂಡಿ ಮಾಡ್ರಿ.

ಗೇಜ್18

ಎಲ್ಲರಿಗೂ ತುಂಬ ಥ್ಯಾಂಕ್ಸ್. 75×75×10ಕ್ಕೇ ಹೋಗುತ್ತೇನೆ. ಇನ್ನು ಮೂರು ಪ್ರಶ್ನೆ:

1. ಇದೇ ಬೆಂಡರಿನಲ್ಲಿ 16 ಗೇಜ್, ಸ್ಟೇನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂ ಎಷ್ಟರ ಮಟ್ಟಿಗೆ ಆಗುತ್ತದೆ?
2. ಮೋಟಾರಿಗೆ 3 ಎಂಎಂ ಪ್ಲೇಟಿನ ಬ್ರ್ಯಾಕೆಟ್ ಬೇಕು, ಅಗಲ 150 ಎಂಎಂ ಅಷ್ಟೇ. ಅದನ್ನು ಹೇಗೆ ಮಡಿಸುವುದು?
3. ಡಬ್ಬಿ ಹೊರ ಅಳತೆ 400 ಎತ್ತರ, 300 ಅಗಲ, 150 ಆಳ. ಷೀಟು ಎಷ್ಟಕ್ಕೆ ಕತ್ತರಿಸಬೇಕು? 600ಕ್ಕೆ ಕತ್ತರಿಸಿದ್ದು ಮಡಿಸಿದ ಮೇಲೆ ನಾಲ್ಕು ಎಂಎಂ ಹೆಚ್ಚು ಬಂತು.

ಅರಮಟ್ಟ

ಮೊದಲ ಪ್ರಶ್ನೆಗೆ. ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 16 ಗೇಜ್ ಅಂದರೆ 1.6 ಎಂಎಂ, 1.2ಕ್ಕೆ ಹೋಲಿಸಿದರೆ 1.8 ಪಟ್ಟು. ಪಟ್ಟಿ ವೆಲ್ಡ್ ಮಾಡಿದ ಬೆಂಡರಿನಲ್ಲಿ 600 ಎಂಎಂ ಅಗಲದವರೆಗೆ ಧೈರ್ಯವಾಗಿ ಮಡಿಸಬಹುದು. 900ಕ್ಕೆ ಬೇಡ.

304 ಸ್ಟೇನ್‌ಲೆಸ್ ಸ್ಟೀಲು ಮಡಿಸುತ್ತಿದ್ದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಸಾದಾ ಷೀಟಿಗಿಂತ ಒಂದೂವರೆ ಪಟ್ಟು ಬಲ ಎಂದು ಇಟ್ಟುಕೊಂಡು 0.8 ಎಂಎಂಗೆ ನಿಲ್ಲಿಸಿ. ವಾಪಸು ತೆರೆದುಕೊಳ್ಳುವುದೂ ಜಾಸ್ತಿ, 3ರಿಂದ 5 ಡಿಗ್ರಿ.

ಅಲ್ಯೂಮಿನಿಯಂನಲ್ಲಿ ಯಾವ ಜಾತಿ ಎಂದು ಕೇಳದೆ ತರಬೇಡಿ. 1100, 3003, 5052-ಎಚ್32 ಇವು ಚೆನ್ನಾಗಿ ಮಡಿಯುತ್ತವೆ. 6061-ಟಿ6 ಷೀಟು ನೋಡಲು ಹಾಗೇ ಇರುತ್ತದೆ, ಆದರೆ ಒಂದು ದಪ್ಪದ ಉರುಟಿನಲ್ಲಿ ಮಡಿಸಿದರೆ ಹೊರಗಡೆ ಸೀಳುತ್ತದೆ. ಅದಕ್ಕೆ ಒಳಗಿನ ಉರುಟು ದಪ್ಪದ ಮೂರು ಪಟ್ಟಾದರೂ ಬೇಕು. ಗೆರೆ ಎಳೆಯಲು ಪೆನ್ಸಿಲ್ ಬೇಡ, ಸ್ಕ್ರೈಬರಂತೂ ಬೇಡವೇ ಬೇಡ, ಮಾರ್ಕರ್ ಬಳಸಿ. ಅಲ್ಯೂಮಿನಿಯಂನಲ್ಲಿ ಕೊರೆದ ಗೆರೆಯಲ್ಲೇ ಬಿರುಕು ಹುಟ್ಟುತ್ತದೆ.

ಯಾವ ಷೀಟಾದರೂ ರೋಲಿಂಗ್ ಗೆರೆಗೆ ಅಡ್ಡಲಾಗಿ ಮಡಿಸಿದರೆ ಬಿರುಕಿನ ಭಯ ಕಡಿಮೆ. ಪೂರ್ತಿ ಷೀಟಿನಲ್ಲಿ ಆ ಗೆರೆ ಉದ್ದದ ದಿಕ್ಕಿಗೆ ಹೋಗಿರುತ್ತದೆ. ಕತ್ತರಿಸುವ ಮೊದಲೇ ಪ್ರತಿ ತುಂಡಿನ ಮೇಲೂ ಬಾಣ ಬರೆದಿಟ್ಟುಕೊಳ್ಳಿ. ಸಿಆರ್ ಷೀಟಿಗೆ 90 ಡಿಗ್ರಿಯಲ್ಲಿ ಇದು ಅಷ್ಟು ಕಾಡುವುದಿಲ್ಲ.

ವೈಸ್_ಹಿಡಿ

3 ಎಂಎಂ ಪ್ಲೇಟನ್ನು ಈ ಬೆಂಡರಿಗೆ ಹಾಕಲೇಬೇಡಿ, ಸಣ್ಣ ತುಂಡಾದರೂ ಬೇಡ. ಮೂತಿ ಹಾಳಾಗುತ್ತದೆ. ಅದಕ್ಕೆ ಜಾಕ್ ಮತ್ತು ವಿ-ಡೈ (ವಿ ಆಕಾರದ ಅಚ್ಚು) ಬೇರೆಯೇ ಮಾಡಿ.

ವಿ ಬಾಯಿಯ ಅಗಲ ಪ್ಲೇಟಿನ ದಪ್ಪದ ಎಂಟು ಪಟ್ಟು, ಅಂದರೆ 3 ಎಂಎಂಗೆ 24. ಅಷ್ಟಕ್ಕೆ ಮೀಟರಿಗೆ ಸುಮಾರು 22 ಟನ್ ಬೇಕು, ನಿಮ್ಮ 150 ಎಂಎಂಗೆ 3.3 ಟನ್. 6 ಟನ್ನಿನ ಬಾಟಲ್ ಜಾಕ್ ಸಾಕು.

ಹೆಚ್ಚಿನವರು ಇಲ್ಲಿ 50×50×6 ಆ್ಯಂಗಲನ್ನೇ ವಿ ಮಾಡಿ ಮಲಗಿಸುತ್ತಾರೆ. ಅದರ ಒಳಬಾಯಿ 62 ಎಂಎಂ. ಒಳಗಿನ ಉರುಟು ಬಾಯಿಯ ಅಗಲದ ಆರನೇ ಒಂದು ಭಾಗದಷ್ಟು ಬರುವುದರಿಂದ 10 ಎಂಎಂ ಉರುಟು ಬಂದು ಕೂರುತ್ತದೆ. ಸಾಲದ್ದಕ್ಕೆ 43 ಎಂಎಂಗಿಂತ ಗಿಡ್ಡ ಕಾಲು ಇದ್ದರೆ ಬಾಯಿಯೊಳಗೆ ಜಾರಿಬೀಳುತ್ತದೆ. 25×25×5 ಆ್ಯಂಗಲ್ ತೆಗೆದುಕೊಳ್ಳಿ, ಅದರ ಒಳಬಾಯಿ 28 ಎಂಎಂ, 3 ಎಂಎಂ ಪ್ಲೇಟಿಗೆ ಹತ್ತಿರದ ಅಳತೆ. 10 ಎಂಎಂ ಪ್ಲೇಟಿನ ಮೇಲೆ ಕೂರಿಸಿ ಎರಡೂ ಮಗ್ಗುಲಿಗೆ 40 ಎಂಎಂಗೊಂದು ತ್ರಿಕೋನದ ತುಂಡು ವೆಲ್ಡ್ ಮಾಡಿ. ಆಧಾರ ಕೊಡದಿದ್ದರೆ ಮೊದಲ ಒತ್ತಿಗೇ ಆ್ಯಂಗಲಿನ ಕಾಲುಗಳು ಅಗಲಿಹೋಗುತ್ತವೆ.

ಆ್ಯಂಗಲ್ 90 ಡಿಗ್ರಿಯದ್ದೇ ಆದ್ದರಿಂದ ಪ್ಲೇಟು ಅಡಿಗೆ ತಾಗಿದ ಮೇಲೂ 92ಕ್ಕೆ ತೆರೆದುಕೊಳ್ಳುತ್ತದೆ. ವೆಲ್ಡ್ ಮಾಡುವ ಮೊದಲು ಆ್ಯಂಗಲನ್ನು ವೈಸಿನಲ್ಲಿ ಹಿಸುಕಿ 86–87 ಡಿಗ್ರಿಗೆ ತಂದುಕೊಂಡರೆ ಆ ತಲೆನೋವು ಇಲ್ಲ. ಮೇಲಿನ ಬ್ಲೇಡಿಗೆ 12 ಎಂಎಂ ಪಟ್ಟಿ, ತುದಿಯನ್ನು ಎರಡೂ ಕಡೆಯಿಂದ 40 ಡಿಗ್ರಿಗೆ ಇಳಿಸಿ 3 ಎಂಎಂ ಉರುಟು ಕೊಡಿ. ಬ್ಲೇಡು ಪಕ್ಕಕ್ಕೆ ವಾಲದಂತೆ ಎರಡು ತುದಿಯಲ್ಲೂ ಗೈಡ್ ಬೇಕು. ಜಾಕ್ ಒತ್ತುವಾಗ ಮುಂದೆ ನಿಲ್ಲಬೇಡಿ, ಪಕ್ಕದಲ್ಲಿ ನಿಂತು ಒತ್ತಿ.

ಷೀಟ್‌ಲೆಕ್ಕ

ಮೂರನೇ ಪ್ರಶ್ನೆ. ನಾಲ್ಕು ಎಂಎಂ ಹೆಚ್ಚು ಬಂದದ್ದು ಸರಿಯಾಗೇ ಇದೆ. ಮಡಿಸಿದಾಗ ಮೂಲೆಯಲ್ಲಿ ಷೀಟು ಹೊರ ಅಂಚಿನ ದಾರಿ ಬಿಟ್ಟು ಉರುಟಿನ ಒಳದಾರಿಯಲ್ಲಿ ಹೋಗುತ್ತದೆ. ಹಾಗಾಗಿ ಪ್ರತಿ ಮಡಿಕೆಗೆ ಒಂದಿಷ್ಟು ಕಳೆಯಬೇಕು.

1.2 ಎಂಎಂ ಷೀಟು, ಒಳಗಿನ ಉರುಟು 1.2 ಎಂಎಂ, 90 ಡಿಗ್ರಿ: ಮಡಿಕೆಯಲ್ಲಿ ಹೋಗುವ ಉದ್ದ 1.57×(1.2 + 0.42×1.2), ಅಂದರೆ 2.7 ಎಂಎಂ (1.57 ಕಾಲು ಸುತ್ತಿನ ಲೆಕ್ಕ, 0.42 ದಪ್ಪದಲ್ಲಿ ಹಿಗ್ಗದ ಕುಗ್ಗದ ಪದರದ ಜಾಗ). ಹೊರ ಅಳತೆಯಲ್ಲಿ ಅದೇ ಮೂಲೆಗೆ ನೀವು ಲೆಕ್ಕ ಹಾಕಿದ್ದು 2.4 + 2.4, ಅಂದರೆ 4.8. ವ್ಯತ್ಯಾಸ 2.1. ಎರಡು ಮಡಿಕೆಗೆ 4.2. ನಿಮ್ಮ ಡಬ್ಬಿಯ ಸುತ್ತು, ಅಂದರೆ ಬೆನ್ನು ಮತ್ತು ಎರಡು ಮಗ್ಗುಲು, 150+300+150 = 600, ಕಳೆದರೆ 595.8. ಷೀಟು ಕತ್ತರಿಸಬೇಕಾದ್ದು 400×595.8.

ಈ 2.1 ನಿಮ್ಮ ಬೆಂಡರಿನಲ್ಲಿ 1.9 ಅಥವಾ 2.3 ಆಗಿರಬಹುದು, ಮೂತಿಯ ಉರುಟಿನ ಮೇಲೆ ಹೋಗುತ್ತದೆ. ಅದಕ್ಕೇ ಹೊಸ ಷೀಟು ತಂದಾಗಲೆಲ್ಲ ಒಂದು ತುಂಡು ಬಲಿಕೊಡಿ: 40 ಎಂಎಂ ಅಗಲ, ಸರಿಯಾಗಿ 100.0 ಎಂಎಂ ಉದ್ದ. ನಡುವೆ 50ಕ್ಕೆ ಗೆರೆ, ಆ ಗೆರೆ ಮೂತಿಯ ಅಂಚಿಗೆ ಬರುವಂತೆ ಇಟ್ಟು 90ಕ್ಕೆ ಮಡಿಸಿ. ಎರಡು ಕಾಲನ್ನೂ ವರ್ನಿಯರಿನಲ್ಲಿ ಹೊರಗಿನಿಂದ ಅಳೆಯಿರಿ. ಮೂತಿಯ ಒಳಗಿದ್ದ ಕಾಲು 52.3, ಹೊರಗಿದ್ದದ್ದು 49.8 ಬಂತು ಎನ್ನಿ. ಕೂಡಿದರೆ 102.1. ನೂರರ ಮೇಲೆ ಬಂದ 2.1 ನಿಮ್ಮ ಕಳೆಯುವ ಅಂಕಿ. ಒಳಗಿನ ಕಾಲು 50 ಬಿಟ್ಟು 52.3 ಬಂದದ್ದರಿಂದ, ಮುಂದೆ ಮೂತಿಯ ಒಳಗಿರುವ ಕಾಲಿನ ಅಳತೆಗೆ ಗೆರೆ ಹಾಕುವಾಗ 2.3 ಕಡಿಮೆ ಹಾಕಬೇಕು. ಎರಡೂ ಅಂಕಿಯನ್ನು ಷೀಟಿನ ದಪ್ಪದ ಜೊತೆ ಬೆಡ್ಡಿನ ಮೇಲೆ ಪೇಂಟಿನಲ್ಲಿ ಬರೆದಿಡಿ. ಅದೇ ದಪ್ಪ, ಅದೇ ಮೂತಿಯ ಜಾಗ ಇರುವವರೆಗೆ ಅದು ಬದಲಾಗುವುದಿಲ್ಲ.

ಇನ್ನು ಡಬ್ಬಿ. ನಾಲ್ಕೂ ಕಡೆ ಒಂದೇ ಷೀಟಿನಲ್ಲಿ ಮಡಿಸುವ ಆಸೆ ಬೇಡ. ಎದುರುಬದುರು ಎರಡು ಕಡೆ ಎದ್ದ ಮೇಲೆ ಮೂರನೆಯದಕ್ಕೆ ನಿಮ್ಮ ಒಂದು ಮೀಟರ್ ಒತ್ತುಪಟ್ಟಿ ಒಳಗೆ ಹೋಗುವುದಿಲ್ಲ. ತುಂಡುತುಂಡು ಮೂತಿಯ ಬೆಂಡರ್ ಬೇಕಾಗುತ್ತದೆ, ಅದರಲ್ಲೂ 150 ಆಳಕ್ಕೆ ಅಷ್ಟೇ ಎತ್ತರದ ಮೂತಿ. ಸುತ್ತು ಒಂದು ಷೀಟು, ಮೇಲೆ ಕೆಳಗೆ ಬೇರೆ ಮುಚ್ಚಳ ಎಂದು ಮಾಡಿ, ಪಾಪ್ ರಿವೆಟ್ ಹೊಡೆಯಿರಿ. ಸುತ್ತಿನ ಎರಡನೇ ಮಡಿಕೆಗೆ ಮೊದಲು ಎದ್ದ 150ರ ಗೋಡೆ ಒತ್ತುಪಟ್ಟಿಯ ಹಿಂದೆ ನಿಲ್ಲಬೇಕು. ಬೆನ್ನು 300 ಇರುವುದರಿಂದ ತೊಂದರೆಯಿಲ್ಲ. ಬೆನ್ನು 80 ಎಂಎಂಗಿಂತ ಕಿರಿದಾದ ಚಾನಲ್ ಮಾತ್ರ ಈ ಬೆಂಡರಿನಲ್ಲಿ ಬರುವುದಿಲ್ಲ.

ಮುಚ್ಚಳ ಸುತ್ತಿನ ಒಳಗೆ ಕೂರಬೇಕಾದ್ದರಿಂದ ಅದರ ಹೊರ ಅಗಲ 300ರಲ್ಲಿ ಎರಡು ದಪ್ಪ, ಅಂದರೆ 2.4 ಕಳೆದು ಸ್ವಲ್ಪ ಸಡಿಲ ಬಿಟ್ಟು 297. ಎರಡು ಮಗ್ಗುಲು ಮತ್ತು ಬೆನ್ನಿನ ಕಡೆಗೆ 15 ಎಂಎಂ ಅಂಚು ಮಡಿಸಿ. ಮೂಲೆಗಳಲ್ಲಿ ಎರಡು ಮಡಿಕೆಯ ಗೆರೆ ಸೇರುವ ಬಿಂದುವಿಗೆ 3–4 ಎಂಎಂ ತೂತು ಮೊದಲೇ ಕೊರೆದು, ಆ ತೂತಿನವರೆಗೆ ಚೌಕ ಕತ್ತರಿಸಿ. ತೂತು ಇಲ್ಲದಿದ್ದರೆ ಮೂಲೆಯಲ್ಲಿ ಷೀಟು ಒತ್ತಿಕೊಂಡು ಉಬ್ಬುತ್ತದೆ, ಇಲ್ಲವೇ ಹರಿಯುತ್ತದೆ.

ಮುಚ್ಚಳದಲ್ಲೂ ಮಗ್ಗುಲು ಮಡಿಸುವಾಗ ಬೆನ್ನಿನ ಅಂಚು ಒತ್ತುಪಟ್ಟಿಗೆ ಅಡ್ಡ ಬರುತ್ತದೆ. ಅಲ್ಲಿಗೆ 40×20 ಪಟ್ಟಿಯನ್ನು ಮಡಿಕೆಯ ಒಳ ಉದ್ದಕ್ಕಿಂತ 5 ಎಂಎಂ ಗಿಡ್ಡ ಕತ್ತರಿಸಿ, ಮುಂದಿನ ಮುಖವನ್ನು ಮೇಲಿಂದ ಹಿಂದಕ್ಕೆ ಇಳಿಜಾರಾಗಿ ಗ್ರೈಂಡ್ ಮಾಡಿ, ಒತ್ತುಪಟ್ಟಿಯ ಕೆಳಗೆ ಸಣ್ಣ ಮೂತಿಯಾಗಿ ಇಡಿ. 20 ಎಂಎಂ ಎತ್ತರದಲ್ಲಿ 15ರ ಅಂಚು ಆರಾಮಾಗಿ ನಿಲ್ಲುತ್ತದೆ. ಬೋಲ್ಟುಗಳ ಪಕ್ಕದಲ್ಲೂ ಅದೇ 20 ಎಂಎಂ ಪಟ್ಟಿಯ ಚೂರು ಇಡಲು ಮರೆಯಬೇಡಿ. ಮರೆತರೆ ಒತ್ತುಪಟ್ಟಿ ಸಣ್ಣ ಮೂತಿಯ ಮೇಲೆ ಕೂತು ಎರಡೂ ತುದಿಗೆ ಬಾಗಿಬಿಡುತ್ತದೆ.

ಗೇಜ್18

ಸಣ್ಣ ಮೂತಿಯ ಉಪಾಯ ಅರ್ಥವಾಯಿತು. ಮುಚ್ಚಳ ಜಿಐ (ಸತು ಲೇಪಿಸಿದ) ಷೀಟಿನಲ್ಲಿ ಮಾಡಿದರೆ ಏನಾದರೂ ಬದಲಾವಣೆ ಬೇಕೇ? ಡಬ್ಬಿ ಹೊಲದಲ್ಲೇ ನಿಲ್ಲುವಂಥದ್ದು.

ಷೀಟ್‌ಲೆಕ್ಕ

ಅಳತೆಯಲ್ಲಿ ಏನೂ ಇಲ್ಲ, ದಪ್ಪ ಒಂದೇ ಇರಬೇಕಷ್ಟೇ. ಮೂತಿಯ ಉರುಟು ತೀರಾ ಕಡಿಮೆಯಿದ್ದರೆ ಮಡಿಕೆಯ ಹೊರಗಡೆ ಸತುವಿನ ಲೇಪ ಪುಡಿಯಾಗಿ ಉದುರುತ್ತದೆ, ತುಕ್ಕು ಅಲ್ಲಿಂದಲೇ ಶುರು. 1.2ರ ಷೀಟಿಗೆ 1.5 ಎಂಎಂ ಉರುಟು ಕೊಟ್ಟು, ಮಡಿಕೆಯ ಮೇಲೆ ಜಿಂಕ್ ಪೇಂಟ್ ಒಂದು ಕೈ ಬಳಿಯಿರಿ. ರೆಕ್ಕೆಯ ಮುಖಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಲೇಪ ಗೀರುವುದೂ ಇಲ್ಲ. ಜಿಐ ಷೀಟಿಗೆ ವೆಲ್ಡ್ ಹಾಕಬೇಡಿ. ಸತುವಿನ ಬಿಳಿ ಹೊಗೆ ಎದೆಗೆ ಹೋದರೆ ಅವತ್ತೇ ರಾತ್ರಿ ಚಳಿಜ್ವರ ಹಿಡಿಯುತ್ತದೆ. ಇದಕ್ಕೂ ರಿವೆಟ್ಟೇ ಸರಿ: 4 ಎಂಎಂ ಅಲ್ಯೂಮಿನಿಯಂ ರಿವೆಟ್, 60 ಎಂಎಂಗೊಂದು, ತೂತು 4.1. ಮೇಲಿನ ಮುಚ್ಚಳದ ಅಂಚು ಕೆಳಮುಖವಾಗಿ ಸುತ್ತಿನ ಹೊರಗೆ ಬರುವಂತೆ ಮಾಡಿದರೆ ಮಳೆನೀರು ಒಳಗಿಳಿಯುವುದಿಲ್ಲ. ಆಗ ಅದೊಂದರ ಅಳತೆ ಮಾತ್ರ ಬೇರೆಯಾಗುತ್ತದೆ: ಒಳ ಅಗಲ 300.6, ಹೊರಗೆ 303.